ಅಂದಾನಪ್ಪ: ಒಂದು ಅಂಕಿತನಾಮದ ನಿಷ್ಪತ್ತಿ ಮತ್ತು ಅರ್ಥ

ಪೀಠಿಕೆ

ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ನಾಮಗಳನ್ನು ರೂಢ, ಅನ್ವರ್ಥ, ಅಂಕಿತ ಎಂದು ವಿಂಗಡಿಸಿದ ಕ್ರಮವು ಇಂದಿನ ಶಾಲಾ ವ್ಯಾಕರಣಗಳಲ್ಲಿಯೂ ಮುಂದುವರಿದಿದೆ. ಅರ್ಥಕ್ಕೆ ಅನುಗುಣವಾಗಿ ಬಂದುದು ಅನ್ವರ್ಥನಾಮ. ವ್ಯವಹಾರಕ್ಕಾಗಿ ಇಟ್ಟುಕೊಂಡುದು ಅಂಕಿತನಾಮ. ಪಾಠ ಹೇಳುವಾಗ ಈ ಎರಡನ್ನೂ ಪರಸ್ಪರ ದೂರವಾದ ವರ್ಗಗಳೆಂದು ತೋರಿಸುವುದು ರೂಢಿ. ಆದರೆ ಜನಬಳಕೆಯ ಹೆಸರುಗಳನ್ನು ಪರಿಶೀಲಿಸಿದರೆ, ಇಂದು ಕೇವಲ ಗುರುತಾಗಿ ಉಳಿದಿರುವ ಅನೇಕ ಅಂಕಿತಗಳು ಒಂದು ಕಾಲಕ್ಕೆ ಅನ್ವರ್ಥಗಳಾಗಿದ್ದುವೆಂಬುದು ತಿಳಿಯುತ್ತದೆ. ಅರ್ಥವು ಮರೆಯಾದುದಕ್ಕೆ ಜನರ ಮರೆವೊಂದೇ ಕಾರಣವಲ್ಲ. ಮಾತಿನ ಧ್ವನಿನಿಯಮಗಳೂ ಬರವಣಿಗೆಯ ರೂಢಿಯೂ ಸೇರಿ ಆ ಅರ್ಥವನ್ನು ಮುಚ್ಚಿರುತ್ತವೆ.

ಗದಗ ಜಿಲ್ಲೆಯ ರೋಣ, ಗಜೇಂದ್ರಗಡ ಭಾಗದಲ್ಲಿ ವಿಶೇಷವಾಗಿ ಕೇಳಿಬರುವ ‘ಅಂದಾನಪ್ಪ’ ಎಂಬ ಹೆಸರು ಇದಕ್ಕೆ ಉತ್ತಮ ನಿದರ್ಶನ. ಕರ್ನಾಟಕ ಏಕೀಕರಣದ ಇತಿಹಾಸವನ್ನು ಓದಿದವರಿಗೆ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರ ಮೂಲಕ ಈ ಹೆಸರು ಪರಿಚಿತವೇ ಆಗಿದೆ. ಆದರೆ ಅದರ ಅರ್ಥವೇನೆಂಬ ಪ್ರಶ್ನೆಗೆ ಬರುವ ಉತ್ತರಗಳು ಒಂದೇ ತೆರನಾಗಿಲ್ಲ. ಪ್ರಸ್ತುತ ಲೇಖನದಲ್ಲಿ ಈ ಹೆಸರಿನ ರೂಪಭೇದಗಳು, ನಿಷ್ಪತ್ತಿ, ಅರ್ಥ ಮತ್ತು ಹರವುಗಳನ್ನು ಪರಿಶೀಲಿಸಲಾಗಿದೆ.

ಪ್ರದೇಶ ಮತ್ತು ರೂಪಭೇದಗಳು

ರೋಣ ತಾಲೂಕಿನ ಸವಡಿಯಂಥ ಊರುಗಳಲ್ಲಿ ವ್ಯಕ್ತಿಯ ಪೂರ್ಣ ಹೆಸರಿಗೆ ಸಾಮಾನ್ಯವಾಗಿ ಮೂರು ಅಂಗಗಳಿರುತ್ತವೆ: ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಅಡ್ಡಹೆಸರು ಕಸುಬನ್ನೋ, ಹಿಡುವಳಿಯನ್ನೋ, ಬಿಟ್ಟುಬಂದ ಊರನ್ನೋ ಸೂಚಿಸುತ್ತದೆ. ‘ಸವಡಿ’ ಎಂಬುದೇ ಒಂದು ಅಡ್ಡಹೆಸರು. ಅದು ಗುರುತಾಗಿ ಕೆಲಸಮಾಡುವುದು ಸವಡಿಯನ್ನು ಬಿಟ್ಟು ಬೇರೆಡೆ ನೆಲೆಸಿದ ಮನೆತನಕ್ಕೆ. ಸವಡಿಯೊಳಗೆ ಎಲ್ಲರೂ ಸವಡಿಯವರೇ ಆದ್ದರಿಂದ ಅಲ್ಲಿ ಅದು ಯಾರನ್ನೂ ಬೇರ್ಪಡಿಸಲಾರದು. ಅಡ್ಡಹೆಸರು ಹೀಗೆ ಮನೆತನದ ಚಲನೆಯನ್ನು ದಾಖಲಿಸಿದರೆ, ಸ್ವಂತ ಹೆಸರು ಮನೆತನದ ನಡೆದುಕೊಳ್ಳುವಿಕೆಯನ್ನು, ಎಂದರೆ ಅದು ಯಾವ ದೇವರಿಗೆ ಅಥವಾ ಯಾವ ಮಠಕ್ಕೆ ನಡೆದುಕೊಳ್ಳುತ್ತದೆ ಎಂಬುದನ್ನು ದಾಖಲಿಸುತ್ತದೆ.

ತೊಟ್ಟಿಲು ಕಾರ್ಯದಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ಉಚ್ಚರಿಸುವ ಹೆಸರು ಬಹುಮಟ್ಟಿಗೆ ಅಜ್ಜನದೋ ಮುತ್ತಜ್ಜನದೋ ಆಗಿರುತ್ತದೆ. ಹೆಸರನ್ನು ಅರ್ಥ ನೋಡಿ ಆಯ್ದುಕೊಳ್ಳುವುದಕ್ಕಿಂತ ಹಿರಿಯರಿಂದ ಪಡೆದುಕೊಳ್ಳುವುದೇ ಇಲ್ಲಿಯ ಕ್ರಮ. ಆದ್ದರಿಂದ ಅರ್ಥ ಮಸುಕಾದರೂ ಹೆಸರು ತಲೆಮಾರಿನಿಂದ ತಲೆಮಾರಿಗೆ ನಿರಾತಂಕವಾಗಿ ಸಾಗುತ್ತದೆ.

ಪ್ರಸ್ತುತ ಹೆಸರಿನ ರೂಪಗಳನ್ನು ಹೀಗೆ ಗುಂಪು ಮಾಡಬಹುದು. ಪುರುಷರಲ್ಲಿ ಅಂದಾನಪ್ಪ, ಅಂದಾನೆಪ್ಪ, ಅಂದಾನಯ್ಯ, ಅಂದಾನಗೌಡ. ಸ್ತ್ರೀಯರಲ್ಲಿ ಅಂದಾನಮ್ಮ, ಅಂದಾನೆವ್ವ. ಇನ್ನಷ್ಟು ಸಂಕ್ಷಿಪ್ತವಾಗಿ ಅಂದಪ್ಪ. ಸಲಿಗೆಯ ಕರೆಯಲ್ಲಿ, ಬಸ್ಯಾ, ಕಲ್ಯಾ ಎಂಬಂತೆ, ಅಂದಾನ್ಯಾ. ಇವುಗಳ ಜೊತೆಯಲ್ಲಿಯೇ, ಅದೇ ಸೀಮೆಯಲ್ಲಿ, ಅನ್ನದಾನಪ್ಪ, ಅನ್ನದಾನಯ್ಯ, ಅನ್ನದಾನೇಶ ಎಂಬ ದೀರ್ಘ ರೂಪಗಳೂ ಬಳಕೆಯಲ್ಲಿವೆ. ಹ್ರಸ್ವ ಮತ್ತು ದೀರ್ಘ ರೂಪಗಳ ಈ ಸಹವಾಸವೇ ಮುಂದಿನ ವಿಚಾರಕ್ಕೆ ಆಧಾರ.

ಎರಡು ನಿಷ್ಪತ್ತಿಗಳ ಪರಿಶೀಲನೆ

‘ಅಂದಾನ’ ಎಂಬ ರೂಪವನ್ನು ಮಾತ್ರ ಕಣ್ಣಮುಂದೆ ಇಟ್ಟುಕೊಂಡವರಿಗೆ ಎರಡು ಪದಗಳು ಸಹಜವಾಗಿ ನೆನಪಾಗುತ್ತವೆ.

ಮೊದಲನೆಯದು ‘ಅಂದಣ’. ಪಲ್ಲಕ್ಕಿ ಎಂಬರ್ಥದ ಈ ಪದ ಮಧ್ಯಕಾಲೀನ ಕನ್ನಡದಲ್ಲಿ ಹೇರಳವಾಗಿ ದೊರೆಯುತ್ತದೆ. ಮಠಗಳ ಉತ್ಸವಗಳಲ್ಲಿ ಪಲ್ಲಕ್ಕಿಗೆ ಇರುವ ಸ್ಥಾನವನ್ನು ಬಲ್ಲವರಿಗೆ ಅಂದಣವೇರುವ ಸ್ವಾಮಿಯ ಹೆಸರೇ ಅಂದಾನಪ್ಪ ಎಂದು ತೋರುವುದು ಅಸಹಜವಲ್ಲ. ಆದರೆ ಈ ನಿಷ್ಪತ್ತಿಗೆ ಎರಡು ಧ್ವನಿಗತ ಅಡ್ಡಿಗಳಿವೆ. ಅಂದಣವು ಅಂದಾನವಾಗಬೇಕಾದರೆ ನಡುವಣ ಹ್ರಸ್ವ ಸ್ವರವು ದೀರ್ಘವಾಗಬೇಕು. ಜೊತೆಗೆ ಣಕಾರವು ನಕಾರವಾಗಬೇಕು. ಉತ್ತರ ಕರ್ನಾಟಕದ ಆಡುಮಾತಿನ ಒಲವು ನಡುವಣ ಹ್ರಸ್ವವನ್ನು ಬಿಡುವ ಕಡೆಗಿದೆಯೇ ಹೊರತು ಹಿಗ್ಗಿಸುವ ಕಡೆಗಿಲ್ಲ. ಣಕಾರವಂತೂ ಈ ಭಾಗದಲ್ಲಿ ಗಟ್ಟಿಯಾಗಿ ಉಳಿದಿದೆ. ಶರಣಪ್ಪ, ಕಲ್ಯಾಣಪ್ಪ ಎಂಬ ಹೆಸರುಗಳಲ್ಲಿ ನಿಂತ ಣಕಾರ ಅಂದಣದಲ್ಲಿ ಮಾತ್ರ ಸಡಿಲವಾಯಿತೆನ್ನಲು ಕಾರಣವಿಲ್ಲ.

ಎರಡನೆಯದು ‘ಅಂದ’ ಮತ್ತು ‘ಆನೆ’ಗಳ ಜೋಡಣೆ. ಅಂದಾನೆಪ್ಪ ಎಂಬ ರೂಪದಲ್ಲಿ ‘ಆನೆ’ ಕಿವಿಗೆ ಕೇಳಿಸುವುದರಿಂದ ಇದು ಹುಟ್ಟಿಕೊಳ್ಳುತ್ತದೆ. ಆದರೆ ಎಕಾರವು ಇಡೀ ಗುಂಪಿನಲ್ಲಿಲ್ಲ. ಅಂದಾನಪ್ಪ, ಅಂದಾನಯ್ಯ, ಅಂದಾನಗೌಡಗಳಲ್ಲಿ ಅದರ ಸುಳಿವಿಲ್ಲ. ಎಕಾರಕ್ಕೆ ಬೇರೆ ವಿವರಣೆಯೂ ಇದೆ. ಕರಿಯಪ್ಪ ಎಂಬುದು ಕರೆಪ್ಪ, ಮರಿಯಪ್ಪ ಎಂಬುದು ಮರೆಪ್ಪ ಆಗುವ ಪ್ರದೇಶದಲ್ಲಿ, ಇಕಾರಾಂತ ಪದದ ಮುಂದೆ ‘ಅಪ್ಪ’ ಬಂದಾಗ ಎಕಾರವು ಹುಟ್ಟುವುದು ಸಹಜ. ಅಂದಾನೆಪ್ಪದಲ್ಲಿ ಕೇಳಿಸುವುದು ಆನೆಯಲ್ಲ. ‘ದಾನಿ’ ಎಂಬ ಪದದ ಕೊನೆಯ ಇಕಾರ. ಈ ಅಂಶಕ್ಕೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಅನ್ನದಾನದಿಂದ ಅಂದಾನಕ್ಕೆ

ಉಳಿಯುವ ನಿಷ್ಪತ್ತಿ ‘ಅನ್ನದಾನ’. ಇದನ್ನು ಸಮರ್ಥಿಸಲು ಯಾವ ಅಪೂರ್ವ ನಿಯಮವನ್ನೂ ಕಲ್ಪಿಸಬೇಕಾಗಿಲ್ಲ. ಮೂರು ಸಾಮಾನ್ಯ ಹಂತಗಳು ಸಾಕು.

ಮೊದಲ ಹಂತ ಸ್ವರಲೋಪ. ಹುಡುಗ ಎಂಬುದು ಹುಡ್ಗ ಆಗುವಂತೆ, ಸಿದ್ಧರಾಮಪ್ಪ ಸಿದ್ರಾಮಪ್ಪ ಆಗುವಂತೆ, ಗುರುಬಸಪ್ಪ ಗುರ್ಬಸಪ್ಪ ಆಗುವಂತೆ, ‘ಅನ್ನದಾನ’ದ ಎರಡನೆಯ ಅಕ್ಷರದ ಅಕಾರವು ಬೀಳುತ್ತದೆ. ಅದರ ಮುಂದಿನ ‘ದಾ’ ದೀರ್ಘವಾದುದರಿಂದ ಗಟ್ಟಿಯಾಗಿ ನಿಲ್ಲುತ್ತದೆ. ಎರಡನೆಯ ಹಂತ ದ್ವಿತ್ವದ ಸಡಿಲಿಕೆ. ಸ್ವರವು ಬಿದ್ದ ಮೇಲೆ ಎರಡು ನಕಾರಗಳ ಹಿಂದೆಯೇ ದಕಾರ ಬರುತ್ತದೆ. ಮೂರು ವ್ಯಂಜನಗಳ ಇಂಥ ಒತ್ತಡವನ್ನು ಕನ್ನಡದ ನಾಲಗೆ ಇಟ್ಟುಕೊಳ್ಳುವುದಿಲ್ಲ. ಒಂದು ನಕಾರವು ಬಿಟ್ಟುಹೋಗುತ್ತದೆ. ಅಣ್ಣತಮ್ಮ ಎಂಬುದು ಮಾತಿನಲ್ಲಿ ಅಣ್ತಮ್ಮ ಆಗುವುದು ಇದೇ ಬಗೆ. ಹೀಗೆ ‘ಅನ್‌ದಾನ’ ಸಿದ್ಧಿಸುತ್ತದೆ.

ಮೂರನೆಯ ಹಂತ ಮಾತಿನದಲ್ಲ, ಬರವಣಿಗೆಯದು. ದಕಾರದ ಹಿಂದಿನ ನಕಾರವನ್ನು ಅನುಸ್ವಾರದಿಂದ, ಎಂದರೆ ಸೊನ್ನೆಯಿಂದ, ಬರೆಯುವುದು ಕನ್ನಡದ ರೂಢಿ. ಚಂದ, ಮಂದಿ, ಹಂದರ ಎಂದು ಬರೆದಂತೆ ಈ ಹೆಸರನ್ನೂ ‘ಅಂದಾನ’ ಎಂದು ಬರೆಯಲಾಯಿತು. ಉಚ್ಚಾರದಲ್ಲಿ ಅನ್ನದ ನಕಾರವು ಈಗಲೂ ಇದೆ; ಹೋದದ್ದು ಒಂದು ನಕಾರ ಮತ್ತು ಒಂದು ಹ್ರಸ್ವ ಸ್ವರ ಮಾತ್ರ. ಆದರೆ ಕಣ್ಣಿಗೆ ‘ಅನ್ನ’ ಕಾಣದಾಯಿತು, ‘ಅಂದ’ ಕಾಣತೊಡಗಿತು. ಮಾತು ಆರಂಭಿಸಿದ ಮರೆಮಾಚುವಿಕೆಯನ್ನು ಲಿಪಿಯು ಪೂರ್ಣಗೊಳಿಸಿತು ಎನ್ನಬಹುದು. ಚನ್ನಬಸಪ್ಪ ಎಂಬ ಹೆಸರು ಚಂಬಸಪ್ಪ ಆದಾಗ ‘ಚನ್ನ’ ಮರೆಯಾದುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಇಲ್ಲೊಂದು ಆಕ್ಷೇಪವನ್ನು ಎತ್ತಬಹುದು. ‘ಅಂದಾನ’ವೇ ಮೂಲವಾಗಿದ್ದು, ಸಂಸ್ಕೃತಾಭಿಮಾನದಿಂದ ಅದನ್ನು ‘ಅನ್ನದಾನ’ವೆಂದು ತಿದ್ದಿರಬಾರದೇಕೆ? ಇದಕ್ಕೆ ಉತ್ತರ ಹೀಗಿದೆ. ದೀರ್ಘ ರೂಪದಿಂದ ಹ್ರಸ್ವ ರೂಪಕ್ಕೆ ಬರುವ ದಾರಿ ಇತರ ಹೆಸರುಗಳಲ್ಲಿಯೂ ಸಾಮಾನ್ಯವಾಗಿ ಕಾಣುತ್ತದೆ. ಪದದ ನಡುವೆ ‘ನ’ ಎಂಬ ಅಕ್ಷರವನ್ನು ತುರುಕುವ ವಿರುದ್ಧ ದಾರಿಗೆ ಅಂಥ ಬೆಂಬಲವಿಲ್ಲ. ‘ಅಂದಾನ’ ಎಂಬುದಕ್ಕೆ ಸ್ವತಂತ್ರವಾದ ಅರ್ಥವನ್ನು ತೋರಿಸುವುದೂ ಕಷ್ಟ. ಎಲ್ಲಕ್ಕಿಂತ ಮಿಗಿಲಾಗಿ, ದೀರ್ಘ ರೂಪಕ್ಕೆ ಇದೇ ಸೀಮೆಯಲ್ಲಿ ಮಠಪರಂಪರೆಯ ಗಟ್ಟಿ ಆಧಾರವಿದೆ.

ಹಾಲಕೆರೆ ಮತ್ತು ಮುಂಡರಗಿ: ದಾನ, ದಾನಿ

ನರೇಗಲ್ಲ ಸಮೀಪದ ಹಾಲಕೆರೆಯ ಅನ್ನದಾನೇಶ್ವರ ಮಠ ಈ ಭಾಗದ ಪ್ರಮುಖ ವೀರಶೈವ-ಲಿಂಗಾಯತ ಮಠಗಳಲ್ಲೊಂದು. ಅಲ್ಲಿ ‘ಅನ್ನದಾನ’ ಎಂಬುದು ಗುರುವಿನ ಹೆಸರು. 2021ರ ನವೆಂಬರ್‌ನಲ್ಲಿ ಲಿಂಗೈಕ್ಯರಾದ ಪೀಠಾಧಿಪತಿಗಳು ಅಭಿನವ ಅನ್ನದಾನ ಸ್ವಾಮಿಗಳೆಂದೇ ಪ್ರಸಿದ್ಧರು. ಗದಗ ಜಿಲ್ಲೆಯಲ್ಲಿಯೇ ಇರುವ ಮುಂಡರಗಿಯ ಸಂಸ್ಥಾನ ಮಠವೂ ಇದೇ ನಾಮಧೇಯದ್ದು. ಆದರೆ ಅಲ್ಲಿಯ ರೂಪ ‘ಅನ್ನದಾನೀಶ್ವರ’.

ಒಂದು ದೀರ್ಘದ ಈ ವ್ಯತ್ಯಾಸ ಅಚ್ಚಿನ ದೋಷವಲ್ಲ, ಸಂಧಿಭೇದ. ‘ದಾನ’ಕ್ಕೆ ‘ಈಶ್ವರ’ ಸೇರಿದರೆ ಗುಣಸಂಧಿಯಾಗಿ ದಾನೇಶ್ವರ. ‘ದಾನಿ’ಗೆ ‘ಈಶ್ವರ’ ಸೇರಿದರೆ ಸವರ್ಣದೀರ್ಘ ಸಂಧಿಯಾಗಿ ದಾನೀಶ್ವರ. ಮೊದಲನೆಯದರಲ್ಲಿ ಪ್ರಧಾನವಾದುದು ಕ್ರಿಯೆ, ಎಂದರೆ ಅನ್ನವನ್ನು ನೀಡುವಿಕೆ. ಎರಡನೆಯದರಲ್ಲಿ ಕರ್ತೃ, ಎಂದರೆ ಅನ್ನವನ್ನು ನೀಡುವವನು. ಜನಬಳಕೆಯ ರೂಪಗಳಲ್ಲಿಯೂ ಇದೇ ಇಬ್ಬಗೆ ಕಾಣುತ್ತದೆ. ಅನ್ನದಾನಕ್ಕೆ ‘ಅಪ್ಪ’ ಸೇರಿ ಅಂದಾನಪ್ಪ. ಅನ್ನದಾನಿಗೆ ‘ಅಪ್ಪ’ ಸೇರಿ, ಕರೆಪ್ಪ ಮರೆಪ್ಪಗಳ ದಾರಿಯಲ್ಲಿ, ಅಂದಾನೆಪ್ಪ. ಇವು ಒಂದೇ ಹೆಸರಿನ ಸರಿ-ತಪ್ಪು ರೂಪಗಳಲ್ಲ, ಸಮಾನಮೂಲದ ಎರಡು ರೂಪಗಳು ಎಂದು ಭಾವಿಸಲು ಅವಕಾಶವಿದೆ. ಹಳೆಯ ಮೈಸೂರು ಭಾಗದಲ್ಲಿ ‘ಅನ್ನದಾನಿ’ ಎಂಬ ಹೆಸರು ಲೋಪವಿಲ್ಲದೆ ಉಳಿದಿದೆ. ಮಂಡ್ಯ ಜಿಲ್ಲೆಯ ಮಳವಳ್ಳಿ ಕ್ಷೇತ್ರದಿಂದ 2018ರಲ್ಲಿ ವಿಧಾನಸಭೆಗೆ ಆಯ್ಕೆಯಾದ ಕೆ. ಅನ್ನದಾನಿಯವರ ಹೆಸರು ಇದಕ್ಕೆ ಪರಿಚಿತ ಉದಾಹರಣೆ.

ಮಠ ಅಥವಾ ಕ್ಷೇತ್ರದ ಹೆಸರು ಸುತ್ತಲಿನ ಊರುಗಳ ವ್ಯಕ್ತಿನಾಮವಾಗುವುದು ಇದೊಂದರಲ್ಲಿ ಮಾತ್ರವಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠದಿಂದ ಫಕೀರಪ್ಪ, ಫಕೀರವ್ವ ಎಂಬ ಹೆಸರುಗಳು ಬಂದಿವೆ. ಗಜೇಂದ್ರಗಡದ ಸುತ್ತ ಕೇಳಿಬರುವ ಕಳಕಪ್ಪ, ಕಳಕವ್ವಗಳನ್ನು ಅಲ್ಲಿಯ ಬೆಟ್ಟದ ಕಾಲಕಾಲೇಶ್ವರನೊಡನೆ ಸಂಬಂಧಿಸಲಾಗುತ್ತದೆ. ಕಾಲನಿಗೂ ಕಾಲನಾದ ಶಿವನ ಹೆಸರು ಜನರ ನಾಲಗೆಯಲ್ಲಿ ಹ್ರಸ್ವಗೊಂಡಾಗ ಅದರ ಅರ್ಥವೂ ಅಂದಾನಪ್ಪದ ಅರ್ಥದಂತೆಯೇ ಮರೆಯಾಯಿತು. ಎಂ.ಎಂ. ಕಲಬುರ್ಗಿಯವರ ಅಧ್ಯಯನಗಳಿಂದ ಬೆಳೆದ ಕನ್ನಡ ನಾಮವಿಜ್ಞಾನದಲ್ಲಿ ಸ್ಥಳನಾಮಗಳಿಗೆ ದೊರೆತ ಲಕ್ಷ್ಯವು ಇಂಥ ಕ್ಷೇತ್ರಮೂಲದ ವ್ಯಕ್ತಿನಾಮಗಳಿಗೂ ದೊರೆಯಬೇಕಾಗಿದೆ.

ಅರ್ಥವಿಚಾರ

‘ಅನ್ನ’ ಎಂಬುದು ತಿನ್ನು ಎಂಬರ್ಥದ ಸಂಸ್ಕೃತದ ‘ಅದ್’ ಧಾತುವಿನಿಂದ ಬಂದುದು. ತಿನ್ನಲ್ಪಡುವುದು ಎಂಬುದು ಅದರ ಮೂಲಾರ್ಥ. ಇಂದಿನ ಕನ್ನಡದಲ್ಲಿ ಅದು ಬೇಯಿಸಿದ ಅಕ್ಕಿಗೆ ಸೀಮಿತವಾಗಿದೆ. ಆದರೆ ರೋಣ ಸೀಮೆ ಎರೆಭೂಮಿಯ, ಮಳೆಯನ್ನು ನಂಬಿದ, ಜೋಳದ ನಾಡು. ಇಲ್ಲಿಯ ದಿನನಿತ್ಯದ ಊಟ ಜೋಳದ ರೊಟ್ಟಿ, ನುಚ್ಚು, ಅಂಬಲಿ. ಆದ್ದರಿಂದ ಈ ಹೆಸರಿನೊಳಗಿನ ‘ಅನ್ನ’ವನ್ನು ಅಕ್ಕಿಯ ಅನ್ನವೆಂದು ತಿಳಿಯುವುದು ಸಮಂಜಸವಲ್ಲ. ಆಡುಮಾತಿನಲ್ಲಿ ಸಂಕುಚಿತಗೊಂಡ ಪದದ ಹಳೆಯ ವಿಶಾಲಾರ್ಥವು ಹೆಸರಿನಲ್ಲಿ ಉಳಿದುಕೊಂಡಿದೆ. 1876-78ರ ಮಹಾಕ್ಷಾಮವು ದಖ್ಖನಿನ ಒಣಭೂಮಿಯನ್ನು ಹೇಗೆ ಹಿಂಡಿತೆಂಬುದನ್ನು ನೆನೆದರೆ, ಇಂಥ ಸೀಮೆಯಲ್ಲಿ ಅನ್ನವಿಕ್ಕುವುದನ್ನೇ ಹೆಸರಾಗಿ ಧರಿಸುವುದು ಅಲಂಕಾರದ ಮಾತಲ್ಲವೆಂದು ಮನವರಿಕೆಯಾಗುತ್ತದೆ.

‘ದಾನ’ದ ವಿಷಯದಲ್ಲಿಯೂ ಒಂದು ಸೂಕ್ಷ್ಮವಿದೆ. ಶರಣರ ಚಿಂತನೆಯಲ್ಲಿ ದಾನಕ್ಕಿಂತ ದಾಸೋಹ ಹಿರಿದು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ‘ನಾನು ದಾಸ’ ಎಂಬ ಭಾವದಿಂದ ಹುಟ್ಟಿದ ದಾಸೋಹದಲ್ಲಿ ಕೊಡುವವನೇ ಸೇವಕ. ಆದರೂ ಮಠದ ಹೆಸರು ದಾಸೋಹವನ್ನು ಹೇಳದೆ ದಾನವನ್ನೇ ಹೇಳುತ್ತದೆ. ಹೆಸರಿನ ಪದ ಹಳೆಯ ದಾನಪರಂಪರೆಯದು, ಆಚರಣೆ ದಾಸೋಹದ್ದು. ಜೈನರ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳ ಉಲ್ಲೇಖ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದೇ ಜಿಲ್ಲೆಯ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆ ದಾನಚಿಂತಾಮಣಿ ಎನಿಸಿಕೊಂಡಳು. ಅಲ್ಲಿಯ ಶಾಸನದ ಕಾಲ 1007. ಆದರೆ ದಾನಚಿಂತಾಮಣಿ ಎಂಬುದು ಬಿರುದು, ಕೊಟ್ಟ ಮೇಲೆ ಬಂದುದು. ಅಂದಾನಪ್ಪ ಎಂಬುದು ತೊಟ್ಟಿಲಲ್ಲಿ ಇಟ್ಟ ಹೆಸರು, ಕೊಡುವ ಮೊದಲೇ ಬಂದುದು. ಬಿರುದು ಸಾಧನೆಯನ್ನು ಸಾರಿದರೆ ಈ ಅಂಕಿತವು ಹೊಣೆಯನ್ನು ನೆನಪಿಸುತ್ತದೆ.

ಅನ್ಯಭಾಷೆಗಳ ಹೆಸರುಗಳೊಡನೆ ಹೋಲಿಸಿದಾಗ ಈ ವಿಶೇಷ ಇನ್ನೂ ಸ್ಪಷ್ಟವಾಗುತ್ತದೆ. ಪೋಲೆಂಡಿನ ಸಾಂಪ್ರದಾಯಿಕ ಹೆಸರುಗಳಲ್ಲಿ ಬೊಜಿದಾರ್ ಎಂಬುದೊಂದು. ಅದರ ಪೂರ್ವಪದ ದೇವರಿಗೆ ಸಂಬಂಧಿಸಿದುದು, ಉತ್ತರಪದವಾದ ‘ದಾರ್’ ಕೊಡುಗೆ. ಗ್ರೀಕಿನ ಥಿಯೊಡೊರೊಸ್ ಎಂಬ ಹೆಸರಿನ ಅರ್ಥವೂ ದೇವರ ಕೊಡುಗೆ ಎಂದೇ. ಸ್ಲಾವ್ ಭಾಷೆಗಳ ‘ದಾರ್’, ಗ್ರೀಕಿನ ‘ದೋರೊನ್’, ಸಂಸ್ಕೃತದ ‘ದಾನ’ಗಳು ಒಂದೇ ಇಂಡೋ-ಯೂರೋಪಿಯನ್ ಧಾತುವಿನ ಕವಲುಗಳು. ನಮ್ಮ ದೇವದತ್ತನೂ ಅದೇ ಸಾಲಿನವನು. ಆದರೆ ಬೊಜಿದಾರ್, ಥಿಯೊಡೊರೊಸ್, ದೇವದತ್ತಗಳಲ್ಲಿ ಕೊಡುಗೆ ಎಂದರೆ ಸ್ವತಃ ಆ ಮಗು. ತಂದೆತಾಯಿಗಳು ಅದನ್ನು ದೇವರಿಂದ ಪಡೆದವರು. ಅನ್ನದಾನದಲ್ಲಿ ಮಗು ಕೊಡುಗೆಯಲ್ಲ, ಮುಂದೆ ಕೊಡಬೇಕಾದ ಕೈ. ಒಂದೇ ಧಾತುವಿನಿಂದ ಬಂದ ಪದಗಳು ಅಲ್ಲಿ ಪಡೆದುದನ್ನು ಹೇಳಿದರೆ ಇಲ್ಲಿ ಕೊಡುವುದನ್ನು ಹೇಳುತ್ತವೆ.

ಹೆಸರಿನ ಹರವು

1956ಕ್ಕೆ ಮೊದಲು ಈ ಸೀಮೆ ಆಡಳಿತದ ದೃಷ್ಟಿಯಿಂದ ಒಂದಾಗಿರಲಿಲ್ಲ. ರೋಣ ಮುಂಬಯಿ ಆಡಳಿತದಲ್ಲಿತ್ತು; ಅದರ ಮಗ್ಗುಲಿನ ಯಲಬುರ್ಗಾ ಹೈದರಾಬಾದಿನಲ್ಲಿತ್ತು. ಆದರೆ ಹೆಸರು ಆ ಗಡಿಯನ್ನು ಮನ್ನಿಸಲಿಲ್ಲ. ಯಲಬುರ್ಗಾ ತಾಲೂಕಿನ ದ್ಯಾಂಪುರದ ಪುರಾಣಿಕ ಮನೆತನದಲ್ಲಿ, ಕಾವ್ಯಾನಂದ ಸಿದ್ಧಯ್ಯ ಪುರಾಣಿಕರ ಸಹೋದರರ ಹೆಸರು ಅನ್ನದಾನಯ್ಯ. ರೋಣ ಸೀಮೆಯ ಜಕ್ಕಲಿಯ ದೊಡ್ಡಮೇಟಿ ಮನೆತನದಲ್ಲಿ 1908ರಲ್ಲಿ ಹುಟ್ಟಿದ ಮಗನ ಹೆಸರು ಅಂದಾನಪ್ಪ. ಓದು ಮತ್ತು ಪುರಾಣಪ್ರವಚನಗಳ ಮನೆಯಲ್ಲಿ ದೀರ್ಘ ರೂಪ, ಒಕ್ಕಲುತನದ ಮನೆಯಲ್ಲಿ ಹ್ರಸ್ವ ರೂಪ. ಗಡಿಯ ಆಚೆಗೂ ಈಚೆಗೂ ಹೆಸರು ಒಂದೇ. ಪ್ರಾಂತಗಳ ನಕಾಶೆ ಇಬ್ಭಾಗಿಸಿದ್ದ ನೆಲವನ್ನು ಜಾತ್ರೆಗೂ ದಾಸೋಹಕ್ಕೂ ನಡೆದುಬಂದ ಭಕ್ತರ ದಾರಿಗಳು ಕೂಡಿಸಿದ್ದುವೆಂಬುದಕ್ಕೆ ಇಂಥ ಹೆಸರುಗಳೂ ಸಾಕ್ಷಿ.

ಅಂದಾನಪ್ಪ ದೊಡ್ಡಮೇಟಿಯವರು ತಮ್ಮ ಸಾರ್ವಜನಿಕ ಜೀವನವನ್ನು ಮೀಸಲಿಟ್ಟುದು ಆ ಗಡಿಗಳನ್ನು ಅಳಿಸುವುದಕ್ಕಾಗಿಯೇ. 1953ರಲ್ಲಿ ಅವರು ಏಕೀಕರಣಕ್ಕಾಗಿ ಜಕ್ಕಲಿಯಲ್ಲಿ ಉಪವಾಸ ಕೈಗೊಂಡರು. ಏಕೀಕೃತ ರಾಜ್ಯಕ್ಕೆ ‘ಕರ್ನಾಟಕ’ವೆಂದೇ ಹೆಸರಿರಬೇಕೆಂದು ಪ್ರತಿಪಾದಿಸಿದವರಲ್ಲಿಯೂ ಅವರು ಒಬ್ಬರು. ಆ ಹೆಸರು ಬಂದುದು 1973ರ ನವೆಂಬರ್ 1ರಂದು. ಅದಕ್ಕೆ ಮೊದಲೇ, 1972ರಲ್ಲಿ, ಅವರು ತೀರಿಕೊಂಡಿದ್ದರು. ಅನ್ನದಾನವೆಂಬ ಹೆಸರನ್ನು ಹೊತ್ತವರು ನಾಡಿಗಾಗಿ ಅನ್ನವನ್ನು ತೊರೆದು ಕುಳಿತರೆಂಬ ಸಂಗತಿ ‘ಅಂದಾನಪ್ಪ’ ಎಂಬ ರೂಪವನ್ನು ಮಾತ್ರ ಓದುವವರ ಗಮನಕ್ಕೆ ಬರುವುದಿಲ್ಲ. ಹೆಸರಿನ ನಿಷ್ಪತ್ತಿ ತಿಳಿದವರಿಗೆ ಮಾತ್ರ ಅದು ಕಾಣುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಅಂದಾನಪ್ಪ ಎಂಬ ಹೆಸರು ಅಂದಣದಿಂದಾಗಲಿ ಆನೆಯಿಂದಾಗಲಿ ಬಂದುದಲ್ಲ, ಅನ್ನದಾನದಿಂದ ಬಂದುದು ಎಂದು ನಿರ್ಣಯಿಸಬಹುದು. ಮಗುವಿಗೆ ಗುರುವಿನ ಹೆಸರು, ಗುರುವಿಗೆ ಕಾಯಕದ ಹೆಸರು. ಹೀಗೆ ಎರಡು ಪದರಗಳಲ್ಲಿ ಅರ್ಥವು ಇಳಿದುಬಂದಿದೆ. ಸ್ವರಲೋಪ, ದ್ವಿತ್ವದ ಸಡಿಲಿಕೆ ಮತ್ತು ಅನುಸ್ವಾರದ ಬರವಣಿಗೆಗಳು ಅನ್ವರ್ಥವನ್ನು ಅಂಕಿತವನ್ನಾಗಿ ಮಾಡಿವೆ.

ಈ ನಿರ್ಣಯಕ್ಕೆ ವ್ಯಾವಹಾರಿಕ ಮಹತ್ವವೂ ಇದೆ. ರೋಮನ್ ಲಿಪಿಯ ದಾಖಲೆಗಳಲ್ಲಿ ಸಾಮಾನ್ಯವಾಗಿ ಹ್ರಸ್ವ-ದೀರ್ಘಗಳ, ದಕಾರ-ಡಕಾರಗಳ ಭೇದ ಉಳಿಯುವುದಿಲ್ಲ. ಅಲ್ಲಿಂದ ಮರಳಿ ಕನ್ನಡಕ್ಕೆ ಬರುವಾಗ ಈ ಹೆಸರು ಅಂದನಪ್ಪವೋ ಅಂಡಾನಪ್ಪವೋ ಆಗಬಹುದು. ಆಗ ಅನ್ನವೂ ಇಲ್ಲ, ದಾನವೂ ಇಲ್ಲ. ಇನ್ನೊಂದೆಡೆ, ‘ಶುದ್ಧ’ ರೂಪದ ಮೋಹದಿಂದ ಅಂದಾನಪ್ಪ ಎಂಬುದನ್ನು ಅಪಭ್ರಷ್ಟವೆಂದು ತಿದ್ದುವುದೂ ಸರಿಯಲ್ಲ. ಅನ್ನದಾನೇಶ ಎಂಬ ರೂಪ ಗ್ರಂಥದ ಸೊತ್ತಾದರೆ, ಅಂದಾನಪ್ಪ ಎಂಬ ರೂಪ ಈ ನೆಲದ ನಾಲಗೆಯ ಸೊತ್ತು. ಅದರೊಳಗೆ ರೋಣ ಸೀಮೆಯ ಧ್ವನಿನಿಯಮಗಳು ಅಡಕವಾಗಿವೆ. ಎರಡನ್ನೂ ಅವುಗಳ ಸ್ಥಾನದಲ್ಲಿ ಉಳಿಸಿ, ನಡುವಣ ಸಂಬಂಧವನ್ನು ತಿಳಿಸಿಕೊಡುವುದು ಅಧ್ಯಾಪಕರ ಕೆಲಸ.

ಅಂಕಿತನಾಮದ ಪಾಠಕ್ಕೆ ರಾಮ, ಭೀಮರ ಜೊತೆಗೆ ತರಗತಿಯ ಹಾಜರಿ ಪುಸ್ತಕದಲ್ಲಿರುವ ಹೆಸರುಗಳನ್ನೂ ಉದಾಹರಣೆಯಾಗಿ ತೆಗೆದುಕೊಂಡರೆ, ಸವಡಿ, ಜಕ್ಕಲಿ, ಹಾಲಕೆರೆಗಳಂಥ ಊರುಗಳ ವಿದ್ಯಾರ್ಥಿಗಳಿಗೆ ವ್ಯಾಕರಣವು ತಮ್ಮ ಮನೆಯ ಮಾತಾಗುತ್ತದೆ. ಅಜ್ಜನಿಂದ ಬಂದ ಹೆಸರಿನ ಅರ್ಥವನ್ನು ತಿಳಿದ ಮೊಮ್ಮಗ ಅದನ್ನು ಬದಲಿಸುವ ಮುನ್ನ ಎರಡು ಸಲ ಯೋಚಿಸಿಯಾನು.